ಏಳು ಮೆಟ್ಟಿಲು, ಏಳು ಗಂಟೆ

ನಿನ್ನೆ ರಾತ್ರಿ ಎಡಗಾಲಿಗೆ ಎಣ್ಣೆ ಬಿಟ್ಟೆ.
ಗಾಲಿ ಅಂದರೆ ಗಾಲಿಯೇ, ಕಾಲಲ್ಲ;
ಕಾಲಿಗೆ ಬುದ್ಧಿ ಹೇಳಿ ಸಾಕಾಗಿ
ಹನ್ನೊಂದು ವರ್ಷವಾಯಿತು.
ಹೊಲಿಗೆ ಯಂತ್ರದ ಎಣ್ಣೆ, ಮೂರು ಹನಿ.
ಪಿಟೀಲುಗಳು ಉಸಿರು ಬಿಗಿಹಿಡಿಯುವ ಜಾಗದಲ್ಲಿ
ಕಿರ್ ಎಂದರೆ, ಹಿಂದಿನ ಸಲದ ಹಾಗೆ
ಅರ್ಧ ರೀಗಾ ತಿರುಗಿ ನೋಡುತ್ತದೆ.

ಫೆಬ್ರವರಿ. ದೌಗವಾ ನದಿ ಹೆಪ್ಪುಗಟ್ಟಿ ಮಲಗಿದೆ.
ಕಾಲುದಾರಿಗೆ ಉಪ್ಪು ಎರಚಿದ್ದಾರೆ,
ಉಪ್ಪು ಕರಗಿಸಿದ ಮಂಜಿನ ಕೆಸರು
ಪ್ರತಿ ಸುತ್ತಿಗೂ ನನ್ನ ಅಂಗೈಗೆ ಬರುತ್ತದೆ.
ಅಣ್ಣನ ಮಗ ಐಗಾರ್ಸ್ ತಳ್ಳುತ್ತೇನೆ ಅಂತಾನೆ. ಬೇಡ ಅಂತೇನೆ.
ಸೇತುವೆಯ ಏರಿನಲ್ಲಿ ಇಬ್ಬರೂ ಆ ಮಾತು ಮರೆಯುತ್ತೇವೆ.

ಮುಂಬಾಗಿಲಿಗೆ ಏಳು ಮೆಟ್ಟಿಲು.
ಕಲ್ಲಿನ ಹೆಣ್ಣುಗಳಿದ್ದಾರೆ, ಸೂರು ಹೊತ್ತು
ನೂರು ವರ್ಷದಿಂದ ನಿಂತೇ ಇದ್ದಾರೆ,
ಕೂರಿ ಅಂತ ಅವರಿಗೆ ಯಾರೂ ಹೇಳಿಲ್ಲ.
ನಮ್ಮದು ಹಿತ್ತಲ ದಾರಿ, ಕಸದ ಡಬ್ಬಿಗಳನ್ನು ದಾಟಿ,
ವಾದ್ಯಗಳು ಒಳಹೋಗುವ ಬಾಗಿಲು.
ಲಿಫ್ಟಿನ ಕೀಲಿ ಜಿಗುರ್ಡ್ಸ್ ಹತ್ತಿರ.
ಜಿಗುರ್ಡ್ಸ್ ಎಲ್ಲಿ?
ಎರಡು ದಿನ ಮುಂಚೆ ಫೋನ್ ಮಾಡಿ ಹೇಳಬೇಕಿತ್ತು.
ಹೇಳಿದ್ದೆ.
ಯಾರಿಗೆ ಹೇಳಿದಿರಿ?
ಜಿಗುರ್ಡ್ಸ್‌ಗೇ.

ಬಂದ, ಬಾಯಲ್ಲಿ ಅರ್ಧ ಬನ್ನು.
"ವೆಲ್ಟಾ ಮೇಡಂ, ಮೊದಲು ನಗಾರಿ, ಆಮೇಲೆ ನೀವು."

ನಗಾರಿ ಹೋಯಿತು. ನನ್ನ ಜೊತೆ ಬಂದದ್ದು
ಆಳೆತ್ತರದ ಡಬಲ್ ಬಾಸ್, ಅದರ ಹಿಂದೆ ಅದರ ಹುಡುಗಿ, ಸ್ಪೋದ್ರಾ.
ಪೆಟ್ಟಿಗೆಗೆ ಎರಡು ಚಕ್ರ. ನನ್ನವಕ್ಕೆ ತಾಗಿ ನಿಂತವು.
"ಇದಕ್ಕೂ ಮೆಟ್ಟಿಲು ಹತ್ತೋಕೆ ಬರಲ್ಲ," ಅಂದಳು,
"ಇರೋದು ಒಂದೇ ಕಾಲು. ಕೈಬಿಟ್ಟರೆ ಬೀಳುತ್ತೆ."
ಅಂದವಳೇ ನಾಲಿಗೆ ಕಚ್ಚಿಕೊಂಡಳು.
ನಾನು ನಕ್ಕೆ. ಆಮೇಲೆ ಅವಳೂ. ಎರಡು ಮಹಡಿಯ ದೂರ
ನಕ್ಕೆವು. ಲಿಫ್ಟು ನಿಧಾನ.

ಕೋಟು ಇಡುವಲ್ಲಿ ಕಟ್ಟೆ ನನ್ನ ಹಣೆಯ ಮಟ್ಟ.
ಆಚೆಯ ದನಿ ಐಗಾರ್ಸ್‌ನನ್ನು ಕೇಳಿತು:
"ಅವರಿಗೆ ಚಳಿಯಾಗುತ್ತಾ?"
ಅವನು ಬಗ್ಗಿ ನನ್ನನ್ನು ಕೇಳಿದ. ನಾನು ಅವನಿಗೆ ಹೇಳಿದೆ.
ಅವನು ಮೇಲಕ್ಕೆ ಹೇಳಿದ.
ಹೀಗೆ ನನ್ನ ಚಳಿ ಒಂದು ಸುತ್ತು ಹೋಗಿ ಬಂತು.

ಹನ್ನೆರಡನೇ ಸಾಲಿನ ತುದಿ. ಒಂದು ಕುರ್ಚಿ ಕಿತ್ತು ಮಾಡಿದ ಜಾಗ;
ನೆಲದಲ್ಲಿ ನಾಲ್ಕು ಸ್ಕ್ರೂ ತೂತು ಹಾಗೇ ಇವೆ.
ಕುರ್ಚಿ ನಾನೇ ತಂದಿದ್ದೇನೆ, ಟಿಕೆಟ್ಟಿಗೆ ಪೂರಾ ದುಡ್ಡು.
ಐಗಾರ್ಸ್‌ಗೆ ಹದಿನೇಳನೇ ಸಾಲು. ಅಲ್ಲಿಂದ ಕೈ ಬೀಸುತ್ತಾನೆ,
ಹೊರಟ ರೈಲಿನಿಂದ ಬೀಸಿದ ಹಾಗೆ.

ಗಡಿಯಾರ ಏಳು ಅಂತು.
ನನಗಲ್ಲ ಹೇಳಿದ್ದು.
ಓಬೋ ಒಂದು ಸ್ವರ ಎಳೆಯಿತು, ಎಂಬತ್ತು ಜನ
ಅದರ ಮೇಲೆ ತಮ್ಮ ತಮ್ಮದನ್ನು ಇಟ್ಟು ಅಳೆದರು.
ನಾನು ಬ್ರೇಕು ಹಾಕಿದೆ.

ಸಂಗೀತ ನನಗೆ ಅಷ್ಟಾಗಿ ಗೊತ್ತಿಲ್ಲ, ಬಟ್ಟೆ ಗೊತ್ತು:
ಪಿಟೀಲುಗಳು ಅಸ್ತರು ಬಿಡಿಸಿ ತೋರಿಸಿದವು,
ಕಹಳೆಗಳು ಬಂದು ಅಂಚು ಮಡಚಿದವು.
ನಿಧಾನದ ಭಾಗದಲ್ಲಿ ಎಂಟು ಡಬಲ್ ಬಾಸ್
ಒಟ್ಟಿಗೆ ಕೆಳಕ್ಕಿಳಿದಾಗ, ಮರದ ನೆಲ ಹಿಡಿದು
ಗಾಲಿಯ ಕಡ್ಡಿ ಹಿಡಿದು ಅದು ಮೊಣಕೈಗೆ ಬಂತು.
ತೊಡೆಗೆ ಬರಲಿಲ್ಲ. ಅಲ್ಲಿಗೆ ಏನೂ ಬರುವುದಿಲ್ಲ.
ಎಡಗಾಲಿ ತೆಪ್ಪಗಿತ್ತು.

ಮುಗಿದ ಮರುಗಳಿಗೆ ಎಲ್ಲರೂ ಎದ್ದರು.
ನನ್ನೆದುರು ಬೆನ್ನುಗಳು.
ಮೂವತ್ತು ವರ್ಷ ಹೊಲಿದ ಕಣ್ಣು, ಸುಮ್ಮನಿರುವುದಿಲ್ಲ:
ಬೂದು ಕೋಟಿನ ಸೀಳು ಒಂದು ಹೊಲಿಗೆ ಬಿಚ್ಚಿದೆ,
ಹಸಿರು ಉಡುಪಿನ ಜಿಪ್ಪು ಹಲ್ಲು ತಪ್ಪಿ ಕೂತಿದೆ,
ಒಬ್ಬರ ಕಾಲರಿನಿಂದ ಅಂಗಡಿಯ ಚೀಟಿ ಇಣುಕುತ್ತಿದೆ,
ನಾಳೆ ವಾಪಸ್ಸು ಮಾಡುವ ಬಟ್ಟೆಯಿರಬೇಕು.
ಬ್ರಾವೋ, ಬ್ರಾವೋ, ಅಂದವು ಬೆನ್ನುಗಳು.
ನಾನೂ ಬೆನ್ನುಗಳಿಗೆ ಚಪ್ಪಾಳೆ ತಟ್ಟಿದೆ.
ಎರಡು ಭುಜಗಳ ಸಂದಿಯಲ್ಲಿ ಒಂದು ಡಬಲ್ ಬಾಸಿನ
ಸುರುಳಿ ತಲೆ ಕಂಡಿತು. ಅವಳದೋ, ಬೇರೆಯವರದೋ.

ಸಭಾಂಗಣ ಖಾಲಿ. ಮತ್ತೆ ಜಿಗುರ್ಡ್ಸ್‌ಗಾಗಿ ಕಾಯುವುದು.
ವೇದಿಕೆಯ ಮೇಲೆ ಸ್ಟ್ಯಾಂಡು ಮಡಚುತ್ತಿದ್ದಾರೆ,
ಒಬ್ಬ ಕೂತು ಶೂ ಬದಲಿಸುತ್ತಿದ್ದಾನೆ,
ಇಬ್ಬರು ಪಿಯಾನೋದ ಮಗ್ಗುಲಿಗೆ ಭುಜ ಕೊಟ್ಟಿದ್ದಾರೆ.
ಅಲುಗುತ್ತಿಲ್ಲ.
"ಬ್ರೇಕು! ಬ್ರೇಕು ಬಿಡ್ರೋ!" ಯಾರೋ ಕೂಗಿದರು
ಕತ್ತಲೊಳಗಿಂದ.

ನನ್ನ ಕೈ ಗಾಲಿಗೆ ಹೋಯಿತು.